ಪದಚರ್ಚೆ: ಎಣಿಸುವುದಕ್ಕೆ ‘ತಲೆ ಎತ್ತು’ ಅನ್ನುವ ಹೀಬ್ರೂ ಮಾತು – ಕನ್ನಡದಲ್ಲಿ ಯಾವ ಪದ ಹೊಂದುತ್ತದೆ?

ಎಲ್ಲರಿಗೂ ನಮಸ್ಕಾರ.

ಬೈಬಲ್ಲಿನ ಅರಣ್ಯಕಾಂಡದ ಮೇಲೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯದ ಎರಡನೆಯ ವಚನದಲ್ಲೇ ಕೆಲಸ ನಿಂತಿದೆ. ನಿಮ್ಮೆಲ್ಲರ ನೆರವು ಬೇಕು.

ಸಂದರ್ಭ ಹೀಗಿದೆ. ಇಸ್ರಾಯೇಲ್ಯರು ಐಗುಪ್ತ (ಈಜಿಪ್ಟ್) ಬಿಟ್ಟು ಬಂದ ಎರಡನೆಯ ವರ್ಷ. ಸೀನಾಯಿ ಅರಣ್ಯದಲ್ಲಿ ಬೀಡುಬಿಟ್ಟಿದ್ದಾರೆ. ಇಪ್ಪತ್ತು ವರ್ಷ ತುಂಬಿದ, ಯುದ್ಧಕ್ಕೆ ಹೋಗಬಲ್ಲ ಗಂಡಸರನ್ನೆಲ್ಲ ಎಣಿಸಬೇಕು ಅಂತ ಅವರ ನಾಯಕ ಮೋಶೆಗೆ ದೇವರ ಅಪ್ಪಣೆ ಆಗುತ್ತದೆ. ಯೆಹೂದ ಕುಲದಲ್ಲಿ 74,600 ಜನ, ಅದೇ ದೊಡ್ಡದು. ಮನಸ್ಸೆ ಕುಲ ಎಲ್ಲಕ್ಕಿಂತ ಚಿಕ್ಕದು, 32,200. ದೇವರ ಗುಡಾರದ ಸೇವೆಗೆ ಮೀಸಲಾದ ಲೇವಿ ಕುಲದವರನ್ನು ಬಿಟ್ಟು ಒಟ್ಟು 6,03,550.

ಕನ್ನಡದಲ್ಲಿ ಓದುವಾಗ ಇದು ಸುಮ್ನೆ ಲೆಕ್ಕದ ಮಾತು. ಆದರೆ ಹೀಬ್ರೂ ಮೂಲದಲ್ಲಿ ಇರುವುದು ‘ಸೆಊ ಎತ್ ರೋಶ್’. ಅಂದರೆ ‘ತಲೆಯನ್ನು ಎತ್ತಿರಿ’. ಇಡೀ ಸಮೂಹದ ತಲೆ ಎತ್ತಿರಿ, ಮನೆತನದ ಪ್ರಕಾರ, ತಂದೆಗಳ ಮನೆಯ ಪ್ರಕಾರ, ಹೆಸರು ಹೆಸರಾಗಿ, ಒಂದೊಂದು ತಲೆಬುರುಡೆಯಾಗಿ. ಈ ಬುರುಡೆಗೆ ಅಲ್ಲಿರುವ ಪದ ‘ಗುಲ್ಗೋಲೆತ್’. ಯೇಸುವನ್ನು ಶಿಲುಬೆಗೆ ಹಾಕಿದ ಗೊಲ್ಗೊಥಾದ ಹೆಸರೂ ಇದೇ ಬೇರಿನದು.

‘ತಲೆ ಎತ್ತು’ ಅನ್ನುವುದಕ್ಕೆ ಹೀಬ್ರೂವಿನಲ್ಲಿ ಎಣಿಸು ಎಂಬ ಅರ್ಥ ಒಂದೇ ಅಲ್ಲ. ಆದಿಕಾಂಡದಲ್ಲಿ, ಸೆರೆಮನೆಯಲ್ಲಿ ಯೋಸೇಫನು ಐಗುಪ್ತದ ಅರಸ ಫರೋಹನ ಪಾನದಾಯಕನಿಗೆ ‘ಮೂರು ದಿನದಲ್ಲಿ ಫರೋಹನು ನಿನ್ನ ತಲೆ ಎತ್ತುವನು’ ಅನ್ನುತ್ತಾನೆ. ಅವನಿಗೆ ಕೆಲಸ ಮರಳಿ ಸಿಗುತ್ತದೆ. ರೊಟ್ಟಿ ಮಾಡುವವನಿಗೂ ಅದೇ ಕ್ರಿಯಾಪದ, ಜೊತೆಗೆ ‘ನಿನ್ನ ಮೇಲಿನಿಂದ’ ಅಂತ ಒಂದು ಮಾತು ಸೇರುತ್ತದೆ. ಅವನ ತಲೆ ಹೋಗುತ್ತದೆ. ನಮ್ಮಲ್ಲಿ ‘ತಲೆ ಎತ್ತು’ ಬೇರೆ, ‘ತಲೆ ತೆಗೆ’ ಬೇರೆ. ಅಲ್ಲಿ ಎರಡಕ್ಕೂ ಒಂದೇ ಮಾತು. ಒಬ್ಬನನ್ನು ಎಣಿಸಿದಾಗ ಅವನನ್ನು ಮೇಲೆತ್ತಲೂ ಬಹುದು, ಮುಗಿಸಲೂ ಬಹುದು. ನನ್ನ ಪಾಠದ ತಿರುಳೇ ಇದು. ನಿನ್ನೆ ಮೊನ್ನೆಯವರೆಗೆ ಫರೋಹನ ಇಟ್ಟಿಗೆಯ ಲೆಕ್ಕಕ್ಕೆ ಆಳಾಗಿದ್ದ ಜನ ಇವರು. ಈಗ ದೇವರು ಇವರ ತಲೆ ಎತ್ತಿಸಿ, ಒಬ್ಬೊಬ್ಬರ ಹೆಸರು ಬರೆಸುತ್ತಿದ್ದಾನೆ.

ಇದನ್ನು ಕನ್ನಡದಲ್ಲಿ ಒಂದೇ ಪದದಲ್ಲಿ ಹೇಳಬಹುದಾ? ನಾನು ತೂಗಿ ನೋಡಿದ ಪದಗಳು ಇವು.

‘ತಲೆ ಎಣಿಸು’. ಅಕ್ಷರಕ್ಕೆ ಹತ್ತಿರ. ಆದರೆ ‘ತಲೆಗೆ ಇಷ್ಟು’, ‘ತಲೆಗಂದಾಯ’ ಇವೇ ನೆನಪಾಗುತ್ತವೆ. ಗೌರವ ಬರುವುದಿಲ್ಲ.

‘ಖಾನೇಷುಮಾರಿ’. ಮೈಸೂರು ಸೀಮೆಯಲ್ಲಿ ಜನಗಣತಿಗೆ ಹಿಂದೆ ಇದ್ದ ಮಾತು. ಪಾರಸಿಯಿಂದ ಬಂದದ್ದು, ಮನೆ ಎಣಿಕೆ ಅಂತ ಅರ್ಥ. ‘ತಂದೆಗಳ ಮನೆಯ ಪ್ರಕಾರ’ ಅನ್ನುವ ಭಾಗಕ್ಕೆ ಚೆನ್ನಾಗಿ ಹೊಂದುತ್ತದೆ, ತಲೆಗೆ ಹೊಂದುವುದಿಲ್ಲ.

‘ಗಣತಿ’ಯ ಮನೆಯಲ್ಲೇ ‘ಗಣ್ಯ’ ಇದೆ. ಎಣಿಕೆಗೆ ಯೋಗ್ಯನಾದವನು ಗಣ್ಯ. ಅರ್ಥದಲ್ಲಿ ಬಹಳ ಹತ್ತಿರ. ಆದರೆ ಇವತ್ತು ಗಣ್ಯರು ಅಂದರೆ ವೇದಿಕೆ ಮೇಲೆ ಕೂತವರು. ಸೀನಾಯಿಯಲ್ಲಿ ಎಲ್ಲರ ತಲೆಯೂ ಎತ್ತಬೇಕಿತ್ತು. ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ಎಣಿಕೆಯಾದವರು ತಲಾ ಅರ್ಧ ಶೆಕೆಲ್ ಬೆಳ್ಳಿ ಕೊಡಬೇಕು ಅಂತಿದೆ. ಐಶ್ವರ್ಯವಂತ ಹೆಚ್ಚು ಕೊಡುವ ಹಾಗಿಲ್ಲ, ಬಡವ ಕಡಿಮೆ ಕೊಡುವ ಹಾಗಿಲ್ಲ. ‘ಗಣ್ಯ’ ಪದಕ್ಕೆ ಈ ಸಮಾನತೆ ಹೊರುವ ಶಕ್ತಿ ಈಗ ಉಳಿದಿಲ್ಲ ಅಂತ ನನಗನಿಸುತ್ತದೆ.

‘ಲೆಕ್ಕಿಸು’. ನನಗೆ ತುಂಬ ಇಷ್ಟವಾದದ್ದು. ಎಣಿಕೆಯೂ ಇದೆ, ಬೆಲೆ ಕೊಡುವುದೂ ಇದೆ. ತೊಡಕು ಏನೆಂದರೆ, ಬೆಲೆಯ ಅರ್ಥ ಬೇಕಾದಾಗ ನಾವು ಜಾಸ್ತಿ ಬಳಸುವುದು ‘ಇಲ್ಲ’ದ ಜೊತೆಗೇ. ‘ಪ್ರಾಣವನ್ನೂ ಲೆಕ್ಕಿಸದೆ’, ‘ಅವನನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ’. ‘ದೇವರು ನನ್ನನ್ನು ಲೆಕ್ಕಿಸಿದ’ ಅಂದರೆ ಕೇಳುವವರಿಗೆ ಯಾವ ಅರ್ಥ ಹೊಳೆಯುತ್ತದೆ?

ಇದೇ ಅಧ್ಯಾಯದಲ್ಲಿ ಇನ್ನೊಂದು ಕ್ರಿಯಾಪದ ಮತ್ತೆ ಮತ್ತೆ ಬರುತ್ತದೆ, ‘ಪಾಕದ್’. ಅದಕ್ಕೆ ಎಣಿಸು, ನೇಮಿಸು, ವಿಚಾರಿಸಿಕೊ, ದಂಡಿಸು ಇಷ್ಟೂ ಅರ್ಥ ಇದೆ. ಮುಪ್ಪಿನಲ್ಲಿ ಅಬ್ರಹಾಮನ ಹೆಂಡತಿ ಸಾರಳಿಗೆ ಮಗು ಕೊಡುವ ಮುಂಚೆ ದೇವರು ಅವಳನ್ನು ನೆನೆದದ್ದಕ್ಕೂ ಇದೇ ಪದ. ಇಲ್ಲಿ ಕರಾವಳಿಯ ಕನ್ನಡ ದಾರಿ ತೋರಿಸುತ್ತದೆ. ಕುಂದಾಪುರದ ಕಡೆ ‘ನಾನು ಹಾಗೆ ಎಣಿಸಿದೆ’ ಅಂದರೆ ‘ಹಾಗೆ ಅಂದುಕೊಂಡೆ’ ಅಂತ. ಎಣಿಕೆ ಮತ್ತು ಮನಸ್ಸಿಗೆ ತರುವುದು ಎರಡೂ ಒಂದೇ ಪದದಲ್ಲಿವೆ. ‘ಪಾಕದ್’ಗೆ ಇದಕ್ಕಿಂತ ಚೆನ್ನಾದ ಪದ ನನಗೆ ಕಾಣುತ್ತಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪದ ಹಿಡಿದುಕೊಂಡೇ ಪಾಠ ಕಟ್ಟಬಾರದು. ಎರಡನೆಯ ಸಮುವೇಲದ 24ನೆಯ ಅಧ್ಯಾಯದಲ್ಲಿ ಅರಸ ದಾವೀದನೂ ಜನರನ್ನು ಎಣಿಸುತ್ತಾನೆ. ಸೇನಾಪತಿ ಯೋವಾಬ ಬೇಡ ಅಂದರೂ ಕೇಳುವುದಿಲ್ಲ. ಆಮೇಲೆ ಬಂದ ವ್ಯಾಧಿಯಲ್ಲಿ 70,000 ಜನ ಸಾಯುತ್ತಾರೆ. ಅಲ್ಲಿ ‘ಮಾನಾ’ ಎಂಬ ಬೇರೆ ಕ್ರಿಯಾಪದ ಇದೆ ನಿಜ. ಹಾಗಂತ ಅದು ಕೆಟ್ಟ ಪದ ಅಂದುಕೊಂಡರೆ ತಪ್ಪಾಗುತ್ತದೆ. ದೇವರು ನಕ್ಷತ್ರಗಳನ್ನು ಎಣಿಸಿ ಹೆಸರಿಟ್ಟು ಕರೆಯುತ್ತಾನೆ ಅನ್ನುವ 147ನೆಯ ಕೀರ್ತನೆಯಲ್ಲೂ ‘ಮಾನಾ’ವೇ ಇದೆ. ಜೊತೆಗೆ ದಾವೀದನ ಕಥೆಯಲ್ಲಿ ‘ಪಾಕದ್’ ಕೂಡ ಬರುತ್ತದೆ. ಯಾರು ಎಣಿಸುತ್ತಾರೆ, ಯಾತಕ್ಕೆ ಎಣಿಸುತ್ತಾರೆ ಅನ್ನುವುದೇ ಮುಖ್ಯ.

ಈ ಭಯದಿಂದಲೋ ಏನೋ, ಯೆಹೂದ್ಯರಲ್ಲಿ ಜನರನ್ನು ನೇರವಾಗಿ ಎಣಿಸಬಾರದು ಅನ್ನುವ ಪದ್ಧತಿ ಉಳಿದಿದೆ. ಪ್ರಾರ್ಥನೆಗೆ ಹತ್ತು ಮಂದಿ ಸೇರಿದ್ದಾರಾ ಅಂತ ನೋಡಲು 28ನೆಯ ಕೀರ್ತನೆಯ ಕೊನೆಯ ವಚನ ಹೇಳುತ್ತಾರೆ. ಹೀಬ್ರೂವಿನಲ್ಲಿ ಅದು ಸರಿಯಾಗಿ ಹತ್ತು ಪದ. ತಲೆಗೆ ಒಂದು ಪದ. ಅದರ ಎಂಟನೆಯ ಪದಕ್ಕೆ ‘ಅವರನ್ನು ಎತ್ತು’ ಅಂತಲೇ ಅರ್ಥ! ನಮ್ಮ ಕಣದಲ್ಲೂ ಕಾಳು ಅಳೆಯುವಾಗ ‘ಒಂದು’ ಅನ್ನದೆ ‘ಲಾಭ’ ಅಂತ ಶುರು ಮಾಡುತ್ತಾರಲ್ವಾ?

ಈ ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಇನ್ನೂ ಒಂದು ಕಾರಣ ಇದೆ. ಅರಣ್ಯಕಾಂಡದ 26ನೆಯ ಅಧ್ಯಾಯದಲ್ಲಿ, ಮೋವಾಬಿನ ಬಯಲಿನಲ್ಲಿ, ಎರಡನೆಯ ಎಣಿಕೆ ಆಗುತ್ತದೆ. ಒಟ್ಟು 6,01,730. ಸಿಮೆಯೋನ ಕುಲ 59,300ರಿಂದ 22,200ಕ್ಕೆ ಇಳಿದಿದೆ. ಮೊದಲ ಪಟ್ಟಿಯಲ್ಲಿದ್ದವರಲ್ಲಿ ಕಾಲೇಬ, ಯೆಹೋಶುವ ಇಬ್ಬರೇ ಉಳಿದಿದ್ದಾರೆ. ಈ ಎಣಿಕೆಯೂ ಗಂಡಸರದೇ. ಆದರೂ ಮನಸ್ಸೆ ಕುಲದ ಸಾಲಿನಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳ ಹೆಸರು ಬಂದಿದೆ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಮುಂದಿನ ಅಧ್ಯಾಯದಲ್ಲೇ ಅವರು ಮೋಶೆಯ ಎದುರು ನಿಂತು ‘ಗಂಡುಮಗ ಇಲ್ಲದ ಮಾತ್ರಕ್ಕೆ ನಮ್ಮ ತಂದೆಯ ಹೆಸರು ಯಾಕೆ ಅಳಿಯಬೇಕು?’ ಅಂತ ಭೂಮಿ ಕೇಳುತ್ತಾರೆ. ಅವರು ಕೇಳಿದ್ದು ನ್ಯಾಯ ಅಂತ ದೇವರೇ ಹೇಳುತ್ತಾನೆ. ಸಂಖ್ಯೆಗೆ ಸೇರದ ಈ ಐವರ ತಲೆಯೂ ಎತ್ತಿತು. ‘ಎಣಿಕೆ’ ಅಂತಷ್ಟೇ ಬರೆದರೆ ಓದುಗರಿಗೆ ಇದು ಹೇಗೆ ಮುಟ್ಟಬೇಕು?

ಸದ್ಯಕ್ಕೆ ‘ಪ್ರತಿಯೊಬ್ಬನ ತಲೆ ಎತ್ತಿಸಿ ಎಣಿಸಿರಿ’ ಅಂತ ಬರೆದಿದ್ದೇನೆ. ಕಿವಿಗೆ ಹೇಗೆ ಕೇಳುತ್ತದೆ, ಹೇಳಿ. ‘ಲೆಕ್ಕಿಸು’ ಪದವನ್ನು ‘ಇಲ್ಲ’ದ ಹಂಗಿಲ್ಲದೆ, ಮರ್ಯಾದೆ ಕೊಡು ಅನ್ನುವ ಅರ್ಥದಲ್ಲಿ ನಿಮ್ಮ ಊರಿನಲ್ಲಿ ಆಡುತ್ತಾರಾ? ಹಳಗನ್ನಡದಲ್ಲೋ ವಚನಗಳಲ್ಲೋ ಅಂಥ ಬಳಕೆ ಕಂಡವರು ಸಾಲಿನ ಸಮೇತ ತಿಳಿಸಿ. ಘಟ್ಟದ ಮೇಲಿನವರಿಗೆ ಒಂದು ಪ್ರಶ್ನೆ: ‘ದೇವರು ನಿನ್ನನ್ನು ಎಣಿಸಿದ’ ಅಂತ ಓದಿದರೆ ನಿಮಗೆ ‘ನೆನೆದ’ ಅಂತಲೂ ಕೇಳಿಸುತ್ತದಾ, ಇಲ್ಲ ಬರೀ ಒಂದು, ಎರಡು, ಮೂರಾ?