ಕೇಕ್ ‘ಸುಟ್ಟೆ’ ಅಂದರೆ ಕರಕಲಾಯಿತು ಅಂತಲೇ ಅರ್ಥವಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಪದ ಚಿಕ್ಕದು, ‘ಸುಡು’. ಆದರೆ ಅದರ ಹಿಂದೆ ಎರಡು ಟ್ರೇ ಕಪ್‌ಕೇಕಿನ ಕತೆ ಇದೆ. ಅದನ್ನು ಹೇಳದೆ ಕೇಳಿದರೆ ಪ್ರಶ್ನೆಗೆ ತಲೆಬುಡ ಇರುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ಹೋದ ಭಾನುವಾರ ಶಿವಮೊಗ್ಗದಲ್ಲಿ ಬೆಳಗಿನಿಂದ ಬಿಡದೆ ಮಳೆ. ಮಕ್ಕಳಿಬ್ಬರೂ ಮನೆಯಲ್ಲೇ. ಮಗಳು ಮೊಬೈಲಿನಲ್ಲಿ ಒಂದು ಕಪ್‌ಕೇಕ್ ನೋಡಿದ್ದಳು. ಚಾಕೊಲೇಟಿನದು, ಒಳಗೆ ಬಿಳಿ ಕ್ರೀಮ್, ಮೇಲೆ ಜಿಲೇಬಿ ಸುತ್ತಿದ ಹಾಗೆ ಸಾಲಾಗಿ ಬಿಳಿ ಸುರುಳಿ. ಅಮೆರಿಕದ ಹೋಸ್ಟೆಸ್ ಕಂಪನಿಯದು ಅದು. 1919ರಿಂದ ಮಾರುತ್ತಿದ್ದಾರೆ, ಒಳಗೆ ಕ್ರೀಮ್ ತುಂಬಲು ಶುರು ಮಾಡಿದ್ದು ಮಾತ್ರ 1950ರಲ್ಲಿ. ಅದನ್ನೇ ಮನೆಯಲ್ಲಿ ಮಾಡು ಅಂತ ಹಟ. ಸರಿ, ಮೈದಾ, ಕೋಕೋ, ಸಕ್ಕರೆ, ಮೊಸರು, ಎಣ್ಣೆ, ಸೋಡ ಎಲ್ಲ ಕಲೆಸಿ, 180 ಡಿಗ್ರಿಯಲ್ಲಿ 20 ನಿಮಿಷ ಇಟ್ಟು, ಮೊದಲ ಟ್ರೇಯ 12 ತೆಗೆದು ಮೇಜಿನ ಮೇಲೆ ಆರಲು ಇಟ್ಟಿದ್ದೆ. ಅಷ್ಟರಲ್ಲಿ ತೀರ್ಥಹಳ್ಳಿ ಕಡೆಯ ಊರಿನಿಂದ ಅತ್ತೆಯ ಫೋನು.

“ಎಂತ ಮಾಡ್ತಾ ಇದೀಯ?”

“ಕೇಕ್ ಸುಟ್ಟೆ ಅತ್ತೆ. ಹನ್ನೆರಡು ಆಯ್ತು.”

“ಅಯ್ಯೋ ಮಾರಾಯ್ತಿ! ಹನ್ನೆರಡೂ ಹೋಯ್ತಾ? ದನಕ್ಕಾದ್ರೂ ಹಾಕಬಹುದಾ?”

ಇಲ್ಲ ಅತ್ತೆ, ಚೆನ್ನಾಗೇ ಬಂದಿದೆ, ಬೇಯಿಸಿದೆ ಅಂತ ಹೇಳೋಕೆ ಹೋದೆ ಅಂದೆ. “ಎಷ್ಟು ಹೊತ್ತು ಹಬೆಯಲ್ಲಿ ಇಟ್ಟೆ?” ಅಂದರು. ಕೊನೆಗೆ “ಬೇಕ್ ಮಾಡಿದೆ” ಅಂದ ಮೇಲೆ “ಹಾಗೆ ಹೇಳು ಮತ್ತೆ!” ಅಂದರು. ಶಾಲೆಗೆ ನಾಲ್ಕೇ ವರ್ಷ ಹೋದವರು. ನನ್ನ ಎರಡು ಕನ್ನಡ ಪದವೂ ಬಿದ್ದುಹೋಗಿ ಇಂಗ್ಲಿಷಿನದು ಒಂದೇ ಸಲಕ್ಕೆ ಅರ್ಥವಾಯಿತು. ಅದೇ ನನಗೆ ಚುಚ್ಚಿದ್ದು.

ವಿಚಿತ್ರ ಏನು ಅಂದರೆ, ಇದೇ ಅತ್ತೆ ಹಪ್ಪಳ ಸುಡುತ್ತಾರೆ, ಗೊಜ್ಜಿಗೆ ಬದನೆಕಾಯಿ ಸುಡುತ್ತಾರೆ, ಒಲೆಯ ಬೂದಿಯಲ್ಲಿ ಗೆಣಸು ಸುಡುತ್ತಾರೆ. ಮಳೆಗಾಲದಲ್ಲಿ ಗೇರುಬೀಜ, ಹಲಸಿನ ಬೀಜ ಸುಟ್ಟು ಕೊಡುತ್ತಾರೆ. ಅಲ್ಲೆಲ್ಲ ‘ಸುಟ್ಟ’ ಅಂದರೆ ಬಾಯಲ್ಲಿ ನೀರು ಬರುತ್ತೆ. ಇಟ್ಟಿಗೆ, ಮಡಕೆ ಸುಡುವುದೂ ಇದೇ ಪದ. ಆವಿಗೆಯಲ್ಲಿ ಮಡಕೆಗೆ ಸುತ್ತಲಿಂದ ಕಾವು ತಾಗುವುದಕ್ಕೂ ಓವನ್ನಿನಲ್ಲಿ ಕೇಕಿಗೆ ತಾಗುವುದಕ್ಕೂ ಏನು ವ್ಯತ್ಯಾಸ? ಹವ್ಯಕರ ಮನೆಗಳಲ್ಲಿ ಹಲಸಿನ ಹಣ್ಣಿನ ‘ಸುಟ್ಟವು’ ಮಾಡುತ್ತಾರಲ್ಲ, ಅದಕ್ಕೆ ಬೆಂಕಿ ನೇರವಾಗಿ ತಾಗುವುದೇ ಇಲ್ಲ, ಕರಿಯುವುದು ಎಣ್ಣೆಯಲ್ಲಿ. ತಮಿಳಿನವರು ದೋಸೆ, ವಡೆ ಎರಡನ್ನೂ ‘ಸುಡು’ತ್ತಾರೆ. ಮಲಯಾಳದವರು ಅಪ್ಪವನ್ನು ‘ಚುಡು’ತ್ತಾರೆ. ಅಂದರೆ ಈ ಪದಕ್ಕೆ ಮೊದಲಿನಿಂದಲೂ ಅಡುಗೆಮನೆಯಲ್ಲಿ ಒಳ್ಳೆಯ ಜಾಗವೇ ಇತ್ತು.

ಇನ್ನೊಂದು ಮಾತು. ಅಡುಗೆ ಕೆಟ್ಟರೆ ಹೇಳೋಕೆ ನಮ್ಮ ಹತ್ತಿರ ಬೇರೆಯೇ ಪದಗಳಿವೆ. ಅನ್ನ ಸೀದುಹೋಗುತ್ತೆ, ಹಾಲು ತಳ ಹಿಡಿಯುತ್ತೆ, ಪಲ್ಯ ಹೊತ್ತಿಹೋಗುತ್ತೆ, ರೊಟ್ಟಿ ಕರಕಲಾಗುತ್ತೆ. “ಅನ್ನ ಸುಟ್ಟುಹೋಯ್ತು” ಅಂತ ನಮ್ಮ ಕಡೆಯ ಹಳಬರು ಯಾರೂ ಹೇಳುವುದನ್ನು ನಾನು ಕೇಳಿಲ್ಲ. ಕೆಟ್ಟದ್ದಕ್ಕೆ ಇಷ್ಟೊಂದು ಪದ ಇರುವಾಗ ‘ಸುಡು’ವನ್ನೂ ಆ ಕಡೆಗೇ ತಳ್ಳಿದ್ದು ಯಾಕೆ? ನನ್ನ ಅನಿಸಿಕೆ: ತಿನ್ನುವ ವಸ್ತು ಪರಿಚಯದ್ದಾದರೆ ಕಿವಿ ಒಳ್ಳೆಯ ಅರ್ಥ ಹಿಡಿಯುತ್ತೆ, ಕೇಕಿನಂಥ ಹೊಸದಾದರೆ ಹೆದರಿಕೆಯ ಅರ್ಥ ಹಿಡಿಯುತ್ತೆ. ಸುಡುಗಾಡು, ಸುಟ್ಟಗಾಯ, ಹೊಟ್ಟೆ ಸುಡುವುದು, ಇವೆಲ್ಲ ಪದದ ಹೆಸರು ಕೆಡಿಸಿರಲೂಬಹುದು, ಪಾಪ.

ಹಾಗಾದರೆ ‘ಬೇಯಿಸು’ ಯಾಕೆ ಸಾಲದು? ಇದಕ್ಕೆ ಉತ್ತರ ಎರಡನೇ ಟ್ರೇ ಕೊಟ್ಟಿತು. ಅದು ಒಳಗೆ ಹೋಗಿ ಹತ್ತೋ ಹನ್ನೆರಡೋ ನಿಮಿಷಕ್ಕೆ ಕರೆಂಟ್ ಹೋಯಿತು. ಮಲೆನಾಡಿನ ಮಳೆಗಾಲ, ಹೋಗದಿದ್ದರೇ ಆಶ್ಚರ್ಯ. ಬಾಗಿಲು ತೆಗೆದು ನೋಡಿದರೆ ಉಬ್ಬಿದ್ದವೆಲ್ಲ ನಡುವೆ ಕೂತುಬಿಟ್ಟಿದ್ದವು. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್, ವಿಷಲ್ ಎರಡೂ ತೆಗೆದು, ನಾಲ್ಕು ನಾಲ್ಕಾಗಿ ಅದರೊಳಗೆ ಇಟ್ಟೆ. ಕಡ್ಡಿ ಚುಚ್ಚಿದೆ. ಅಂಟಿತು. ಮತ್ತೆ ಚುಚ್ಚಿದೆ. ಆಗ ಬಾಯಿಂದ ತಾನಾಗಿ ಬಂದ ಮಾತು “ಇನ್ನೂ ಬೆಂದಿಲ್ಲ”. ‘ಸುಟ್ಟಿಲ್ಲ’ ಅಂತ ಬರಲಿಲ್ಲ. ಗೆಣಸಿಗೂ ಹಾಗೇ ಅಲ್ವಾ? ಸುಡುವುದು ನಾವು, ಬೇಯುವುದು ಗೆಣಸು. ಸುಟ್ಟರೂ ಒಳಗೆ ಬೆಂದಿರುವುದಿಲ್ಲ ಕೆಲವು ಸಲ. ಅಂದರೆ ಸುಡು ಅನ್ನುವುದು ಕಾವು ಕೊಡುವ ರೀತಿ, ಬೇಯು ಅನ್ನುವುದು ಆ ಕಾವಿನಿಂದ ಒಳಗೆ ಆಗುವ ಕೆಲಸ. ಎರಡೂ ಬೇಕು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ನೀರಿಲ್ಲದೆ, ಎಣ್ಣೆ ಇಲ್ಲದೆ, ಸುತ್ತಲಿನ ಒಣ ಕಾವಿನಲ್ಲಿ ಅನ್ನುವುದನ್ನು ಹೇಳೋಕೆ ‘ಸುಡು’ ಒಂದೇ ಉಳಿಯುತ್ತೆ.

ಅತ್ತೆಗೆ ಆಮೇಲೆ ಕುಕ್ಕರಿನ ಕತೆ ಹೇಳಿದೆ. “ಮುಚ್ಚಳದ ಮೇಲೂ ಕೆಂಡ ಹಾಕಿದ್ರೆ ಬೇಗ ಆಗ್ತಿತ್ತು” ಅಂದರು. ಅವರಮ್ಮ ಕಡುಬಿನ ಹಿಟ್ಟನ್ನು ಬಾಳೆಲೆ ಹಾಸಿದ ಪಾತ್ರೆಗೆ ಸುರಿದು ಮೇಲೂ ಕೆಳಗೂ ಕೆಂಡ ಇಟ್ಟು ಮಾಡುತ್ತಿದ್ದರಂತೆ. ಅದು ಓವನ್ನೇ ತಾನೇ! ಅದಕ್ಕೆ ಏನು ಹೇಳುತ್ತಿದ್ದಿರಿ ಅಂತ ಕೇಳಿದೆ. “ಕೆಂಡಕ್ಕೆ ಇಡೋದು” ಅಂದರು, ಅಷ್ಟೇ. ನಮ್ಮ ರಸ್ತೆಯ ಬೇಕರಿಯ ಹುಡುಗನನ್ನೂ ಕೇಳಿದೆ. “ಭಟ್ಟಿಗೆ ಹಾಕ್ತೀವಿ, ತೆಗೀತೀವಿ ಮೇಡಂ” ಅಂದ. ದಿನಾ ಅದೇ ಕೆಲಸ ಮಾಡುವವರಿಗೆ ಕ್ರಿಯಾಪದವೇ ಬೇಡ, ನೋಡಿ.

ಇನ್ನು ಒಳಗಿನ ಕ್ರೀಮು. ಇದರಲ್ಲಿ ಜಗಳ ಕಡಿಮೆ. “ಹೂರಣಕ್ಕೆ ಎಂತ ಹಾಕಿದೆ?” ಅಂತ ಅತ್ತೆಯೇ ಕೇಳಿದರು. ಮಗಳು ನಕ್ಕಳು, ಅವಳಿಗೆ ಹೂರಣ ಅಂದರೆ ಕಡಲೆಬೇಳೆ, ಬೆಲ್ಲ. ಆದರೆ ಹೂರಣ ಬಂದಿದ್ದೇ ‘ಪೂರಣ’ದಿಂದ, ತುಂಬುವುದು ಅಂತ ಅರ್ಥ. ಪಾಲು ಹಾಲಾದ ಹಾಗೆ ಪಕಾರ ಹಕಾರವಾಗಿದೆ, ಮರಾಠಿಯವರಿಗೆ ಇನ್ನೂ ಪುರಣಪೋಳಿ. ಒಂದೇ ಸಂಶಯ: ಹೋಳಿಗೆಯಲ್ಲಿ ಹೂರಣವನ್ನು ಕಣಕದೊಳಗೆ ಮುಚ್ಚಿ ಆಮೇಲೆ ಬೇಯಿಸುತ್ತೇವೆ. ಇಲ್ಲಿ ಕೇಕ್ ಪೂರ್ತಿ ಆರಿದ ಮೇಲೆ, ಚಾಕುವಿನ ತುದಿಯಿಂದ ನಡುವೆ ಕುಳಿ ತೆಗೆದು, ಕ್ರೀಮ್ ತುಂಬಿ, ತೆಗೆದ ಚೂರಿನ ಮೇಲ್ಭಾಗವನ್ನೇ ಮುಚ್ಚಳ ಮಾಡಬೇಕು. (ಕೆಳಗಿನ ಚೂಪು ಚೂರು ಮಕ್ಕಳ ಬಾಯಿಗೆ.) ಬಿಸಿ ಇದ್ದಾಗ ತುಂಬಿದರೆ ಕರಗಿ ನೀರಾಗುತ್ತೆ. ನನ್ನ ಪ್ರಕಾರ ಹೂರಣ ಧಾರಾಳವಾಗಿ ಸಲ್ಲುತ್ತೆ.

ಕ್ರೀಮನ್ನು ಮಾಡುವ ಕ್ರಿಯೆಗೆ ನಾನು ‘ಕಡೆ’ ಅಂದೆ, ಮಜ್ಜಿಗೆ ಕಡೆಯುವ ಹಾಗೆ. ಮೊದಲು ತಂದಿದ್ದು ಶೇ 25 ಕೊಬ್ಬಿನ ಪ್ಯಾಕೆಟ್, ಎಷ್ಟು ಕಡೆದರೂ ನೊರೆ ನಿಲ್ಲಲಿಲ್ಲ. ಶೇ 30ಕ್ಕಿಂತ ಜಾಸ್ತಿ ಇರಬೇಕು. ಎರಡನೇ ಸಲ ಅಂಥದ್ದು ತಂದು, ಚೆನ್ನಾಗಿ ನಿಂತ ಮೇಲೂ ಸುಮ್ನೆ ಇರದೆ ಇನ್ನೊಂದು ನಿಮಿಷ ಬೀಟರ್ ಓಡಿಸಿದೆ. ಬೆಣ್ಣೆ ಬಂತು! ಅಲ್ಲಿಗೆ ನನ್ನ ಪದ ಅತಿಯಾಗಿ ಸರಿಹೋಯಿತು. ಬೆಣ್ಣೆ ಬರುವ ಮೊದಲೇ ನಿಲ್ಲಿಸುವುದಕ್ಕೆ ಬೇರೆ ಪದ ಇದೆಯಾ? ‘ನೊರೆ ಬರಿಸು’ ಅಂದರೆ ಸೋಪಿನ ನೆನಪಾಗುತ್ತೆ.

ಕಪ್‌ಕೇಕಿಗೇ ಒಂದು ಹೆಸರು ಮನೆಯಲ್ಲಿ ಹುಟ್ಟಿದೆ, ‘ಕೊಟ್ಟೆ ಕೇಕ್’. ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಮಾಡುವ ಊರಿನವರಿಗೆ ಕಾಗದದ ಕಪ್ ನೋಡಿದರೆ ಬೇರೇನು ನೆನಪಾಗಬೇಕು? ಇಂಗ್ಲಿಷಿನ ‘ಕಪ್’ಗೂ ಎರಡು ಅರ್ಥ ಇತ್ತು. 1796ರ ಅಮೆರಿಕದ ಒಂದು ಅಡುಗೆ ಪುಸ್ತಕದಲ್ಲಿ ಚಿಕ್ಕ ಕಪ್ಪುಗಳಲ್ಲಿ ಮಾಡುವ ಕೇಕ್ ಇದೆ. 1828ರ ಇನ್ನೊಂದರಲ್ಲಿ ಕಪ್ ಅನ್ನುವುದು ಅಳತೆ, ನಮ್ಮ ಪಾವು, ಸಿದ್ದೆ ಇದ್ದ ಹಾಗೆ. ನಮ್ಮ ಕೊಟ್ಟೆ ಇನ್ನೂ ಉದಾರಿ. ಎಲೆಯದೂ ಕೊಟ್ಟೆ, ಹಾಲಿನ ಪ್ಯಾಕೆಟ್ಟೂ ಕೊಟ್ಟೆ, 2007ರಲ್ಲಿ ನಿಂತ ಸಾರಾಯಿಯೂ ಕೊಟ್ಟೆಯದೇ. ಕ್ರೀಮ್ ತುಂಬೋಕೆ ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿಕೊಂಡಿದ್ದೆ. “ಆ ಕೊಟ್ಟೆ ಕೊಡು” ಅಂದರೆ ಮಗ ಒಂದು ಕೇಕ್ ತಂದುಕೊಟ್ಟ. ಇನ್ನೊಂದು ಗೊಂದಲ.

ಕೇಳಬೇಕಾದದ್ದು ಇಷ್ಟು. ಕ್ರಿಸ್‌ಮಸ್ಸಿಗೆ ತಲೆಮಾರುಗಳಿಂದ ಕೇಕ್ ಮಾಡುವ ಕನ್ನಡದ ಮನೆಗಳಲ್ಲಿ ಆ ಕೆಲಸಕ್ಕೆ ಯಾವ ಪದ ಬಳಸುತ್ತಾರೆ? ಧಾರವಾಡ, ಬೀದರ್ ಕಡೆ ‘ಸುಡು’ ಅಂದರೆ ಕೇಳಿದವರು ಹೆದರುತ್ತಾರಾ? ‘ಕೆಂಡಕ್ಕೆ ಇಡು’ ಥರದ್ದು ಬೇರೆ ಊರುಗಳಲ್ಲಿ ಇದೆಯಾ? ಬರುವ ಭಾನುವಾರ ಅತ್ತೆ ಇಲ್ಲಿಗೇ ಬರುತ್ತಾರೆ, ಇನ್ನೊಂದು ಸಲ ಮಾಡಬೇಕು. ಅಷ್ಟರೊಳಗೆ ಯಾರಾದರೂ ಹೇಳಿ, ಇಲ್ಲದಿದ್ದರೆ ‘ಬೇಕ್ ಮಾಡಿದೆ’ ಅಂದುಬಿಡುತ್ತೇನೆ.