ಸಹಾಯ ಬೇಕು: ಕ್ವಾಡ್‌ಬಾಲ್ ಹೂಪ್ ಗಾಳಿಗೆ ನಿಲ್ಲವಲ್ಲವು

ಎಲ್ಲರಿಗೂ ನಮಸ್ಕಾರ್ರಿ. ಧಾರವಾಡದಾಗ ನಾವೊಂದಿಷ್ಟು ಹುಡುಗ್ರು, ಹುಡುಗ್ಯಾರು ಕೂಡಿ ಕ್ವಾಡ್‌ಬಾಲ್ ಆಡ್ಲಿಕತ್ತೇವಿ. ಅದ ರೀ, ಹ್ಯಾರಿ ಪಾಟರ್ ಅನ್ನೋ ಮಾಂತ್ರಿಕರ ಕಾದಂಬರಿಯೊಳಗ ಕಸಬರಗಿ ಮ್ಯಾಲೆ ಹಾರಿ ಆಡೋ ಕ್ವಿಡಿಚ್. 2005ರಾಗ ಅಮೆರಿಕದ ಮಿಡಲ್‌ಬರಿ ಕಾಲೇಜಿನವ್ರು ನೆಲದ ಮ್ಯಾಲೆ ಆಡಿ ತೋರಿಸಿದ್ರು, 2022ರಾಗ ಹೆಸರು ಬದಲಾತು. 2023ರಾಗ ಅಮೆರಿಕದ ರಿಚ್ಮಂಡ್, 2025ರಾಗ ಬೆಲ್ಜಿಯಂ, ಹಿಂಗ ವಿಶ್ವಕಪ್ಪೂ ನಡದಾವು. ಆ ವಿಡಿಯೋ ನೋಡೇ ನಮಗ ಹುಚ್ಚು ಹಿಡದದ್ದು.

ಕಸಬರಗಿ ಬದ್ಲಿ ಕಾಲಸಂದ್ಯಾಗ ಹಿಡಿಯೋ ಪೈಪು, ಗಾಳಿ ಸ್ವಲ್ಪ ಇಳಿಸಿದ ವಾಲಿಬಾಲು ಎಲ್ಲಾ ಸಿಕ್ಕಾವು. ತೊಡಕು ಹೂಪಿಂದು. ಚೆಂಡು ತೂರಿಸಿ ಗೋಲ್ ಹೊಡಿಲಿಕ್ಕೆ ಎರಡೂ ಕಡೆ ಬ್ಯಾರೆಬ್ಯಾರೆ ಎತ್ತರದ ಮೂರು ಮೂರು ರಿಂಗ್ ನಿಲ್ಲಿಸಬೇಕು. ಪ್ಲಂಬಿಂಗ್ ಪೈಪ್ ಕಾಸಿ ಬಗ್ಗಿಸಿ ರಿಂಗೇನೋ ಛಲೋ ಆಗ್ಯಾವು, ಬುಡಾನ ಬಗೆಹರಿವಲ್ಲದು. ಮೈದಾನ ಅಗೀಲಿಕ್ಕೆ ಬಿಡೂದಿಲ್ಲ. ಉಸುಕಿನ ಚೀಲ ಇಟ್ರ ಆಷಾಢದ ಗಾಳಿಗೆ ಎತ್ತರಂದು ವಾಲಿ ಬೀಳ್ತದ. ಪೇಂಟ್ ಡಬ್ಬಿಗೆ ಕಾಂಕ್ರೀಟ್ ತುಂಬಿದ್ರ ಗಟ್ಟಿ ನಿಂತ್ವು, ಆದ್ರ ಈ ಆಟದಾಗ ಎದುರಿನವ್ರು ಒಗೆದ ಚೆಂಡು ಬಡಿಸಿಕೊಂಡವ್ರು ಓಡಿ ಬಂದು ತಮ್ಮ ಹೂಪ್ ಮುಟ್ಟಿನ ವಾಪಸ್ ಆಟಕ್ಕ ಹೋಗಬೇಕು. ಡಬ್ಬಿ ಅಂಚು ಮೊಣಕಾಲಿಗೆ ಬಡದ್ರ?

ನೆಲ ಅಗೀಲಾರದ, ಯಾರಿಗೂ ಪೆಟ್ಟಾಗಲಾರದಂಗ ಆಳೆತ್ತರದ ಪೈಪ್ ನಿಲ್ಲಿಸೋ ಬುಡ ಹ್ಯಾಂಗ ಮಾಡಬೇಕ್ರಿ? ಹುಬ್ಬಳ್ಳ್ಯಾಗ ಇಂಥದ್ದು ಮಾಡಿಕೊಡೋ ವೆಲ್ಡಿಂಗ್‌ನವ್ರು ಗೊತ್ತಿದ್ರ ಅದನ್ನೂ ಹೇಳ್ರಿ.