ಬುಸಾನ್‌ನ ಬೆಟ್ಟದ ಓಣಿಗಳಲ್ಲಿ ನಡೆದವರು ಇದ್ದೀರಾ? ಅಮ್ಮನನ್ನು ಕರೆದುಕೊಂಡು ಹೊರಟಿದ್ದೇನೆ

ಘಾಟ್‌ಕೋಪರ್ ಮಗಳು:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಗೆ ಅಮ್ಮನ ಜೊತೆ ಮುಂಬೈಯಿಂದ ಕೊರಿಯಾಕ್ಕೆ ಹೊರಟಿದ್ದೇನೆ. ಸೋಲ್‌ನಲ್ಲಿ ನಾಲ್ಕು ದಿನ, ಆಮೇಲೆ ರೈಲು ಹಿಡಿದು ಬುಸಾನ್‌ನಲ್ಲಿ ಮೂರು ದಿನ. ಸೋಲ್ ಬಗ್ಗೆ ಬೇಕಾದಷ್ಟು ಮಾಹಿತಿ ಸಿಕ್ಕಿತು. ಬುಸಾನ್‌ನಲ್ಲಿ ಬೆಟ್ಟದ ಮೇಲೆ ಪೇರಿಸಿಟ್ಟ ಹಾಗೆ ಮನೆಗಳಿರುವ ಹಳೆಯ ಓಣಿಗಳಿವೆಯಲ್ಲ, ಚೊರ್ಯಾಂಗ್, ಅಮಿ-ದೊಂಗ್, ಗಮ್‌ಚೊನ್, ಈ ಮೂರನ್ನೂ ಒಂದೇ ದಿನ ನಡೆದು ನೋಡಲು ಆಗುತ್ತಾ?

ಅಮ್ಮನಿಗೆ 64. ನಡೆಯುವುದರಲ್ಲಿ ಗಟ್ಟಿ. ಆದರೆ ಮೆಟ್ಟಿಲು ಇಳಿಯುವಾಗ ಎಡ ಮೊಣಕಾಲು ಹಿಡಿದುಕೊಳ್ಳುತ್ತದೆ. ಮೀನು, ಮಾಂಸ ತಿನ್ನುವುದಿಲ್ಲ, ಮೊಟ್ಟೆ ನಡೆಯುತ್ತದೆ.

ಇನ್ನೊಂದು ಮಾತು ಕೇಳಬೇಕು. ನಮ್ಮ ಮನೆ ಹತ್ತಿರವೇ ಅಸಲ್ಫಾ ಗುಡ್ಡ. 2018ರ ಹೊತ್ತಿಗೆ ಅಲ್ಲಿಯ ಮನೆಗಳಿಗೆ ಬಣ್ಣ ಹೊಡೆದರು, ನೋಡಿರಬಹುದು. ಆಗ ಮೆಟ್ರೋದಲ್ಲಿ ಹೋಗುವವರೆಲ್ಲ ಕಿಟಕಿಗೆ ಮೊಬೈಲ್ ಹಿಡಿಯುತ್ತಿದ್ದರು. ರಜೆ ದಿನ ಕ್ಯಾಮೆರಾ ತಗೊಂಡು ಓಣಿಯ ಒಳಗೂ ಬರುತ್ತಿದ್ದರು. ನಮ್ಮನೆಗೆ ಕೆಲಸಕ್ಕೆ ಬರುವ ಮೌಶಿ ಅಲ್ಲೇ ಇರುವುದು. ಒಂದು ದಿನ ಅವರು ಹೇಳಿದರು, ಬಾಗಿಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದೆ, ಯಾರೋ ಫೋಟೊ ತೆಗೆದುಕೊಂಡು ಹೋದರು, ಒಂದು ಮಾತು ಕೇಳಲಿಲ್ಲ ಅಂತ. ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ಬುಸಾನ್‌ನಲ್ಲಿ ನಾನೂ ಅದನ್ನೇ ಮಾಡಲು ಹೊರಟಿದ್ದೇನಾ? ಹೋಗಿ ಬಂದವರು ನೇರವಾಗಿ ಹೇಳಿ, ಬೇಜಾರಿಲ್ಲ.

ಕೊತ್ರೂಡ್ ಕನ್ನಡಿಗ:

ಮೂರೂ ಒಂದೇ ದಿನ ಖಂಡಿತ ಬೇಡ. ನಾನು ಪುಣೆಯಿಂದ ಕಂಪನಿ ಕೆಲಸದ ಮೇಲೆ ಎರಡು ವರ್ಷ ಉಲ್ಸಾನ್‌ನಲ್ಲಿದ್ದೆ. ಬುಸಾನ್ ಪಕ್ಕದ ಊರು, ರಜೆ ಸಿಕ್ಕಾಗಲೆಲ್ಲ ಹೋಗುತ್ತಿದ್ದೆ. ಒಂದು ದಿನ ಚೊರ್ಯಾಂಗ್. ಇನ್ನೊಂದು ದಿನ ಗಮ್‌ಚೊನ್ ಮತ್ತು ಅಮಿ-ದೊಂಗ್, ಅವೆರಡೂ ಅಕ್ಕಪಕ್ಕ.

ಚೊರ್ಯಾಂಗ್ ಬುಸಾನ್ ರೈಲು ನಿಲ್ದಾಣದ ಎದುರೇ ಶುರುವಾಗುತ್ತದೆ. ಎಲ್ಲರೂ ಕೆಳಗಿನಿಂದ 168 ಮೆಟ್ಟಿಲು ಹತ್ತುತ್ತಾರೆ. ನಮ್ಮ ಪರ್ವತಿ ಬೆಟ್ಟಕ್ಕೆ 103 ಮೆಟ್ಟಿಲು, ಆದರೆ ಅವು ಅಗಲ, ಆರಾಮಾಗಿ ಹತ್ತಬಹುದು. ಇದು ಏಣಿ ನಿಲ್ಲಿಸಿದ ಹಾಗೆ. ಕೆಳಗೆ ನಿಂತು ತಲೆ ಎತ್ತಿದರೆ ಕೊನೆಯ ಮೆಟ್ಟಿಲ ಆಚೆ ಆಕಾಶ ಮಾತ್ರ. ಬುಡದಲ್ಲಿ ಒಂದು ಬಾವಿ ಇದೆ. ಮೊದಲೆಲ್ಲ ಮೇಲಿನ ಮನೆಯವರು ಅಲ್ಲಿಂದಲೇ ನೀರು ಹೊತ್ತು ಅಷ್ಟೂ ಮೆಟ್ಟಿಲು ಹತ್ತುತ್ತಿದ್ದರು. ಆ ಬಾವಿ ನೋಡಿದ ಮೇಲೆ ಮೆಟ್ಟಿಲು ಲೆಕ್ಕ ಹಾಕುವ ಮನಸ್ಸೇ ಆಗಲಿಲ್ಲ ನನಗೆ.

ಅಮ್ಮನಿಗೆ ಇಳಿಯುವುದೇ ಕಷ್ಟ ಅಂದಿರಲ್ಲ, ಹಾಗಾದರೆ ಮೆಟ್ಟಿಲು ಬಿಟ್ಟುಬಿಡಿ. ಬಸ್ಸಿನಲ್ಲೇ ಮೇಲಿನ ರಸ್ತೆಗೆ ಹೋಗಿ. ಆ ರಸ್ತೆಗೆ ಸಾನ್‌ಬೊಕ್ ದೊರೊ ಅನ್ನುತ್ತಾರೆ. ಸಾನ್ ಅಂದರೆ ಬೆಟ್ಟ, ಬೊಕ್ ಅಂದರೆ ಹೊಟ್ಟೆ. ಬೆಟ್ಟಕ್ಕೆ ಉಡಿದಾರ ಕಟ್ಟಿದ ಹಾಗೆ ಸುತ್ತಿಕೊಂಡು ಹೋಗುತ್ತದೆ. ರಸ್ತೆಯ ಕೆಳಬದಿಯ ಮನೆಗಳ ತಾರಸಿ ಸರಿಯಾಗಿ ರಸ್ತೆಯ ಮಟ್ಟಕ್ಕೆ ಬರುತ್ತದೆ, ಅದಕ್ಕೇ ಅಲ್ಲಿ ಕಾರು ನಿಲ್ಲಿಸುವುದು ತಾರಸಿಯ ಮೇಲೆ! ಒಂದು ಕಡೆ ಬಿಳಿ ಕಾರು, ಅದರ ಪಕ್ಕ ನೀಲಿ ನೀರಿನ ಟ್ಯಾಂಕು, ಟ್ಯಾಂಕಿಗೂ ಕಂಬಕ್ಕೂ ಹಗ್ಗ ಕಟ್ಟಿ ಒಣಹಾಕಿದ ಮೆಣಸಿನಕಾಯಿ ಬಣ್ಣದ ಸ್ವೆಟರು, ಹಿಂದೆ ಇಡೀ ಬಂದರು. ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಅದೇ ರಸ್ತೆಯಲ್ಲಿ ಯೂ ಚಿ-ಹ್ವಾನ್ ಎಂಬ ಕವಿಯ ಹೆಸರಿನ ಕೆಂಪು ಅಂಚೆಡಬ್ಬ ಇದೆ. ಅದಕ್ಕೆ ಹಾಕಿದ ಪತ್ರ ಒಂದು ವರ್ಷ ಬಿಟ್ಟು ತಲುಪುತ್ತದೆ. ನಾನು ನನಗೇ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕಿದ್ದೆ. ಮುಂದಿನ ವರ್ಷ ಉಲ್ಸಾನ್‌ನ ರೂಮಿಗೆ ಬಂತು. ಕೆಲಸದ ಕಾಟಕ್ಕೆ ಊರಿಗೆ ವಾಪಸ್ ಹೋಗಿಬಿಡೋಣ ಅನ್ನಿಸುತ್ತಿದ್ದ ವಾರ ಅದು. ಇನ್ನೂ ಇಟ್ಟುಕೊಂಡಿದ್ದೇನೆ.

ಡಾಕ್ಟರ್ ಜಾಂಗ್ ಗಿ-ರ್ಯೊ ಅವರ ಸ್ಮಾರಕವೂ ಚೊರ್ಯಾಂಗ್‌ನಲ್ಲೇ. ಕೊರಿಯಾ ಯುದ್ಧದಲ್ಲಿ, 1950ರಲ್ಲಿ, ಹೆಂಡತಿ ಮತ್ತು ಉಳಿದ ಮಕ್ಕಳನ್ನು ಉತ್ತರ ಕೊರಿಯಾದಲ್ಲೇ ಬಿಟ್ಟು ಒಬ್ಬ ಮಗನ ಜೊತೆ ಬುಸಾನ್‌ಗೆ ಬಂದವರು. ಬಡವರಿಗೆ ಚಿಕಿತ್ಸೆ ಸಿಗಲಿ ಅಂತ 1968ರಲ್ಲಿ ಜನರಿಂದಲೇ ಸಣ್ಣ ಸಣ್ಣ ಹಣ ಕೂಡಿಸಿ ಆರೋಗ್ಯ ವಿಮೆ ಶುರು ಮಾಡಿದರು. 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಪ್ಪದೆ ಹೋಗಿ.

ದಾರಿಗೆ ನೇವರ್ ಮ್ಯಾಪ್ ಹಾಕಿಕೊಳ್ಳಿ. ಬಸ್ಸು, ಮೆಟ್ರೋ ಎರಡಕ್ಕೂ ಟಿ-ಮನಿ ಕಾರ್ಡ್ ಸಾಕು.

ವಾಸ್ಕೋದಿಂದ:

ನಾನು ಹಡಗಿನ ಕೆಲಸದವನು. ಬುಸಾನ್‌ನಲ್ಲಿ ಹಡಗು ನಿಂತಾಗ ಒಂದು ಹಗಲು ಬಿಡುವು ಸಿಕ್ಕಿತ್ತು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನಿಸಿತು.

ನಮ್ಮಪ್ಪ ಗದಗಿನ ಕಡೆಯಿಂದ ಗೋವಾಕ್ಕೆ ಬಂದು ಬಂದರಿನಲ್ಲಿ ಕೂಲಿ ಮಾಡಿದವರು. ನಮ್ಮ ಮನೆ ಮಂಗೋರ್ ಹಿಲ್ ಮೇಲೆ. ಚಿಕ್ಕವನಿದ್ದಾಗ ಹಡಗು ಬಂತು ಅಂದ್ರೆ ಅಪ್ಪ ಬುತ್ತಿ ಗಂಟು ಹಿಡಿದು ಗುಡ್ಡ ಇಳಿದು ಓಡುತ್ತಿದ್ದುದು ನೆನಪಿದೆ, ತಡವಾದರೆ ಆ ದಿನದ ಕೂಲಿ ಹೋಯಿತು. ಚೊರ್ಯಾಂಗ್‌ನ ಆ 168 ಮೆಟ್ಟಿಲಿನ ಕತೆಯೂ ಅದೇ. ಕೊರಿಯಾ ಯುದ್ಧದ ಕಾಲದಲ್ಲಿ ಬುಸಾನ್ ತಾತ್ಕಾಲಿಕ ರಾಜಧಾನಿ, ಎಲ್ಲಾ ಕಡೆಯಿಂದ ಜನ ಓಡಿ ಬಂದರು, ಕೆಳಗೆ ಜಾಗ ಇಲ್ಲ, ಬೆಟ್ಟ ಹತ್ತಿ ಹಲಗೆ, ತಗಡು ಸಿಕ್ಕಿದ್ದರಲ್ಲಿ ಮನೆ ಕಟ್ಟಿಕೊಂಡರು. ಬಂದರಿಗೆ ಹಡಗು ಬಂದರೆ ಗಂಡಸರು ಅದೇ ಮೆಟ್ಟಿಲಲ್ಲಿ ಕೆಳಗೆ ಓಡುವುದು. ಇದನ್ನು ಅಲ್ಲಿ ಕೇಳಿದಾಗ ನನಗೆ ಗಂಟಲು ಕಟ್ಟಿತು.

ಅಮಿ-ದೊಂಗ್ ಇನ್ನೂ ಬೇರೆ. ಜಪಾನೀಯರ ಆಳ್ವಿಕೆಯಲ್ಲಿ ಅದು ಅವರ ಸ್ಮಶಾನ. ನಿರಾಶ್ರಿತರು ಗೋರಿಗಳ ಮೇಲೆಯೇ ಮನೆ ಕಟ್ಟಿದರು. ಗೋರಿಯ ಕಲ್ಲೇ ಅಡಿಪಾಯ, ಅದೇ ಮೆಟ್ಟಿಲು. ಒಂದು ಮನೆಯ ಗೋಡೆಯ ಬುಡದಲ್ಲಿ ಬೂದು ಕಲ್ಲು, ಅದರ ಮೇಲೆ ಯಾರದೋ ಹೆಸರು ಕೆತ್ತಿದ್ದು ಇನ್ನೂ ಕಾಣುತ್ತದೆ, ಅದರ ಪಕ್ಕದಲ್ಲೇ ಗ್ಯಾಸ್ ಸಿಲಿಂಡರು, ಸೊಪ್ಪು ಬೆಳೆಸಿದ ಥರ್ಮಾಕೋಲ್ ಡಬ್ಬ. ಒಬ್ಬರು ಅಜ್ಜಿ ಆ ಡಬ್ಬಕ್ಕೆ ನೀರು ಹಾಕುತ್ತಿದ್ದರು. ನಾನು ತಲೆ ಬಗ್ಗಿಸಿ ಅನ್ಯೋಂಗ್ ಹಾಸೆಯೊ, ಅಂದರೆ ನಮಸ್ಕಾರ, ಅಂದೆ. ಅವರೂ ತಲೆ ಬಗ್ಗಿಸಿದರು. ಮೊಬೈಲ್ ಜೇಬಿನಲ್ಲೇ ಇತ್ತು. ಆ ಮನೆಗಳನ್ನು 2022ರಲ್ಲಿ ಬುಸಾನ್ ನಗರ ಪರಂಪರೆಯ ಪಟ್ಟಿಗೆ ಸೇರಿಸಿತು.

ಗಮ್‌ಚೊನ್‌ನಲ್ಲಿ ಜನ ಜಾಸ್ತಿ, ಫ್ರೆಂಚ್ ಕತೆಯ ಪುಟ್ಟ ರಾಜಕುಮಾರನ ಗೊಂಬೆಯ ಪಕ್ಕ ಫೋಟೊಗೆ ಸಾಲು ನಿಲ್ಲುತ್ತಾರೆ. 1950ರ ದಶಕದಲ್ಲಿ ತೆಗುಕ್‌ದೊ ಎಂಬ ಧಾರ್ಮಿಕ ಪಂಥದವರು ನೆಲೆ ನಿಂತ ಜಾಗ ಅದು. ಮುಂದಿನ ಮನೆ ಹಿಂದಿನ ಮನೆಯ ನೋಟ ಮುಚ್ಚಬಾರದು ಅಂತ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. 2009ರಿಂದ ಕಲಾವಿದರು ಬಂದು ಬಣ್ಣ, ಚಿತ್ರ ಎಲ್ಲ ಆಯಿತು. ಅಲ್ಲಿ ಜನ ಇನ್ನೂ ವಾಸ ಮಾಡುತ್ತಿದ್ದಾರೆ, ಗಲಾಟೆ ಮಾಡಬೇಡಿ ಅಂತ ಬೋರ್ಡ್ ಇದೆ. ಪಣಜಿಯ ಫೌಂಟೇನ್ಹಾಸ್‌ನಲ್ಲೂ ಜನ ಬೇಸತ್ತು ಫೋಟೊ ತೆಗೆಯಬೇಡಿ ಅಂತ ಬರೆದು ಹಾಕಿದ್ದಾರೆ, ನಾನೇ ನೋಡಿದ್ದೇನೆ.

ಹೋಗಬೇಡಿ ಅಂತ ಹೇಳುವುದಿಲ್ಲ. ನಮ್ಮ ಗುಡ್ಡಕ್ಕೆ ಯಾರಾದರೂ ಬಂದು ಅಪ್ಪ ಇಲ್ಲಿ ಹೇಗೆ ಬದುಕಿದರು ಅಂತ ಕೇಳಿದರೆ ನಾನು ಚಹಾ ಮಾಡಿ ಕೊಡುತ್ತೇನೆ. ಬಾಗಿಲು ತೆರೆದಿದ್ದರೆ ಒಳಗೆ ಇಣುಕಬೇಡಿ, ಹಗ್ಗದ ಮೇಲಿನ ಬಟ್ಟೆ ಫೋಟೊ ಬೇಡ, ಬೆಳಿಗ್ಗೆ 9ಕ್ಕೆ ಮೊದಲು, ಕತ್ತಲಾದ ಮೇಲೆ ಹೋಗಬೇಡಿ. ಓಣಿಯ ಅಂಗಡಿಯಲ್ಲೇ ಏನಾದರೂ ಕೊಂಡುಕೊಳ್ಳಿ.

ಡೊಂಬಿವಲಿ ಅಡುಗೆಮನೆ:

ಊಟದ ಬಗ್ಗೆ ಮಾತ್ರ ಹೇಳುತ್ತೇನೆ. ಮಾಂಸ ಬೇಡ ಅಂದರೆ ಮಾಂಸ ತೆಗೆಯುತ್ತಾರೆ, ಆದರೆ ಸಾರಿಗೆ ಒಣಮೀನು ಹಾಕಿರುತ್ತಾರೆ. ಕಿಮ್ಚಿಯಲ್ಲೂ ಸಾಮಾನ್ಯವಾಗಿ ಮೀನಿನ ರಸ ಇರುತ್ತದೆ. ಅದಕ್ಕೇ ಮೀನು, ಸೀಗಡಿ, ಹ್ಯಾಮ್ ಯಾವುದೂ ಬೇಡ ಅಂತ ಕೊರಿಯನ್ ಅಕ್ಷರದಲ್ಲೇ ಬರೆಸಿ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಬಿಬಿಂಬಾಪ್ ಅಂದರೆ ಕಲಸಿ ತಿನ್ನುವ ಅನ್ನ, ಅದನ್ನು ತರಕಾರಿ ಮತ್ತು ಮೊಟ್ಟೆ ಹಾಕಿ ಮಾಡಿಕೊಡುತ್ತಾರೆ. ನಾಂಪೊ-ದೊಂಗ್‌ನಲ್ಲಿ ಬೀಜ ತುಂಬಿದ ಹೊತ್ತೊಕ್ ಸಿಗುತ್ತದೆ, ಒಳಗೆ ಸಕ್ಕರೆ ಪಾಕ, ಬಿಸಿ ಬಿಸಿ ಇದ್ದಾಗ ಹೋಳಿಗೆ ನೆನಪಾಗುತ್ತದೆ. ನಾನಂತೂ ಶೇಂಗಾ ಚಟ್ನಿಪುಡಿ ಒಯ್ದಿದ್ದೆ, ಬಿಳಿ ಅನ್ನ ಎಲ್ಲಾ ಕಡೆ ಸಿಗುತ್ತದಲ್ವಾ, ಅದರ ಜೊತೆ ಎರಡು ಹೊತ್ತು ನಡೆಯಿತು.

ಘಾಟ್‌ಕೋಪರ್ ಮಗಳು:

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಾಸ್ಕೋದವರ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದು, ಮೊದಲು ಅಮಿ-ದೊಂಗ್‌ಗೆ ಹೋಗೋಣ ಅಂದರು.

ಮೊದಲ ದಿನ ಬಸ್ಸಿನಲ್ಲಿ ಗಮ್‌ಚೊನ್‌ಗೆ ಹತ್ತಿ, ಅಲ್ಲಿ ಜಾಸ್ತಿ ಹೊತ್ತು ನಿಲ್ಲದೆ ನಿಧಾನಕ್ಕೆ ಅಮಿ-ದೊಂಗ್ ಕಡೆಗೆ ಇಳಿಯುವುದು ಅಂದುಕೊಂಡಿದ್ದೇನೆ. ಅಲ್ಲಿಂದ ತೊಸೊಂಗ್ ಮೆಟ್ರೋಗೆ ನಡಿಗೆ ದಾರಿ ಇಳಿಜಾರಾ, ಅಥವಾ ಅಲ್ಲೂ ಮೆಟ್ಟಿಲಾ?

ಕೊತ್ರೂಡ್ ಕನ್ನಡಿಗ:

ಬಸ್ ಹೋಗುವ ರಸ್ತೆಯಲ್ಲೇ ಬನ್ನಿ, ಅದು ಇಳಿಜಾರು, ಆದರೆ ಕಡಿದು. ಅಮ್ಮನಿಗೆ ಒಂದು ಊರುಗೋಲು ಇರಲಿ. ಮೊಣಕಾಲು ನೋಯಲು ಶುರುವಾದರೆ ಕಾಯಬೇಡಿ, ಅಲ್ಲೇ ಪುಟ್ಟ ಹಸಿರು ಬಸ್ಸು ಬರುತ್ತಿರುತ್ತದೆ, ಹತ್ತಿಬಿಡಿ. ತೊಸೊಂಗ್ ನಿಲ್ದಾಣದ 6ನೇ ಬಾಗಿಲಿನ ಹತ್ತಿರ ಇಳಿಸುತ್ತದೆ.